ನೆಲೆಯಿತ್ತ ಸೀಮೆಯ ಬಾಕಿ ಕೆಲಸ

ಮೈಸೂರು ಜಿಲ್ಲೆಯ ಪಶ್ಚಿಮ ಪಾರ್ಶ್ವದಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳ ನೀರುಂಡು ಬೆಳೆದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಜನಜೀವನವನ್ನು ಕುರಿತು ಯಾರಾದರೊಬ್ಬರು ಸಾವಧಾನವಾಗಿ ಚರಿತ್ರೆಯನ್ನು ಬರೆಯಹೊರಟರೆ, ಅದರಲ್ಲಿ ಅರಸರ ಕಾಳಗಗಳಿಗಿಂತ ಹೆಚ್ಚಿನ ಪುಟಗಳು ಒಂದೆಡೆಯಿಂದ ಎದ್ದು ಬಂದು ಇನ್ನೊಂದೆಡೆ ನೆಲೆಯೂರಿದವರ ವೃತ್ತಾಂತಕ್ಕೇ ಮೀಸಲಾಗಬೇಕಾದೀತು. ಕೃಷ್ಣರಾಜನಗರವನ್ನೇ ನೋಡಬಹುದು. ಬತ್ತದ ಗದ್ದೆಗಳ ನಡುವೆ ತನ್ನ ಪಾಡಿಗೆ ತಾನಿರುವ ಈ ಪಟ್ಟಣ, ಕಾವೇರಿಯ ನೆರೆಯಿಂದ ನೊಂದ ಎಡತೊರೆಯ ಜನಕ್ಕಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕಟ್ಟಿಸಿದ ಹೊಸ ಊರು. ಎಡತೊರೆಯ ದೇವರಾದ ಅರ್ಕೇಶ್ವರ, ನದಿಯ ದಡದಲ್ಲೇ ಉಳಿದ; ಒಕ್ಕಲುಗಳು ಮಹಾರಾಜರ ಹೆಸರಿನ ಊರಿಗೆ ನಡೆದುವು. ಅಲ್ಲಿನ ಮನೆಗಳಲ್ಲಿ ಇಂದು ವಾಸಿಸುವವರಲ್ಲಿ ಯಾರೊಬ್ಬರೂ ತಮ್ಮನ್ನು ನಿರಾಶ್ರಿತರ ಮೊಮ್ಮಕ್ಕಳೆಂದು ಭಾವಿಸುವುದಿಲ್ಲ. ಪುನರ್ವಸತಿಯೆಂಬ ಕಾರ್ಯ ಸಂಪೂರ್ಣವಾಗಿ ಫಲಿಸಿದಾಗ ಅದು ನಡೆದುದರ ನೆನಪೇ ಉಳಿಯದಷ್ಟು ಸಹಜವಾಗಿಬಿಡುತ್ತದೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ, ಚೋಳದೇಶದ ದೊರೆಯ ಕೋಪಕ್ಕೆ ಗುರಿಯಾಗಿ ಶ್ರೀರಂಗವನ್ನು ತೊರೆದ ರಾಮಾನುಜಾಚಾರ್ಯರು ಕನ್ನಡ ನಾಡನ್ನು ಹೊಕ್ಕು, ಬಹುಕಾಲ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದ ಸಾಲಿಗ್ರಾಮದಲ್ಲಿ ಕೆಲವು ಕಾಲ ನಿಂತು, ಅನಂತರ ತೊಣ್ಣೂರು ಮೇಲುಕೋಟೆಗಳಿಗೆ ನಡೆದರೆಂದು ಶ್ರೀವೈಷ್ಣವ ಸಂಪ್ರದಾಯ ಹೇಳುತ್ತದೆ. ಹೊಯ್ಸಳ ದೊರೆ ಅವರನ್ನು ಆದರಿಸಿದ ಪ್ರಸಂಗವನ್ನು ನಾವು ಸಂಭ್ರಮದಿಂದ ಸ್ಮರಿಸುತ್ತೇವೆ. ಆದರೆ ಅದೇ ಗುರುಪರಂಪರೆಯ ಕಥನದಲ್ಲಿ, ಅರಮನೆಯ ಬಾಗಿಲು ತೆರೆಯುವುದಕ್ಕೆ ಬಹಳ ಮುಂಚೆ, ನೀಲಗಿರಿಯ ಆಸುಪಾಸಿನ ಅಡವಿಯಲ್ಲಿ ಹಸಿದು ಬಳಲಿದ ಆ ಯತಿಯ ಪರಿವಾರಕ್ಕೆ ಜೇನನ್ನೂ ನವಣೆಯನ್ನೂ ತಂದಿತ್ತವರು ಕಾಡಿನ ಬೇಡರು ಎಂಬ ಮಾತೂ ಇದೆ. ಅದನ್ನು ನೆನೆಯುವವರು ವಿರಳ. ದೇಶಭ್ರಷ್ಟನಾದ ಮಹಾಪುರುಷನಿಗೆ ಮೊದಲ ತುತ್ತನ್ನು ನೀಡಿದವರು ಅರಣ್ಯವಾಸಿಗಳು ಎಂಬ ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ಅದರಿಂದ ಪ್ರಯೋಜನವುಂಟು.

ನಮ್ಮ ಕಾಲದ ದೊಡ್ಡ ಉದಾಹರಣೆ ಬೈಲಕುಪ್ಪೆ. 1959ರ ಮಾರ್ಚ್ ತಿಂಗಳ ಕೊನೆಯ ದಿನ ದಲೈಲಾಮಾ ಅವರು ಭಾರತದ ಗಡಿಯನ್ನು ದಾಟಿದ ತರುವಾಯ ಸಹಸ್ರಾರು ಟಿಬೆಟನ್ನರು ಅವರನ್ನು ಹಿಂಬಾಲಿಸಿ ಬಂದು, ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗಳಾಗಿ ಚದುರಿಹೋಗಿದ್ದಾಗ, ಪ್ರಧಾನಮಂತ್ರಿ ನೆಹರೂ ಅವರು ಇವರಿಗೆ ನೆಲವನ್ನು ಕೊಡಬಲ್ಲಿರಾ ಎಂದು ರಾಜ್ಯ ಸರ್ಕಾರಗಳನ್ನು ಕೇಳಿದರು. ಆಗ ಮುಂದೆ ಬಂದುದು ನಮ್ಮ ಮೈಸೂರು ರಾಜ್ಯ. 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿ ಅವರಿಗಾಗಿ ಮೀಸಲಾಯಿತು. ಇಲ್ಲಿ ಸಣ್ಣದೊಂದು ವಿಷಯಾಂತರಕ್ಕೆ ಅವಕಾಶವಿರಲಿ. ಟಿಬೆಟನ್ನರು ಈ ಉಪಕಾರವನ್ನು ನೆನೆಯುವಾಗ ಎಸ್. ನಿಜಲಿಂಗಪ್ಪನವರ ಹೆಸರನ್ನು ಅತ್ಯಂತ ಭಕ್ತಿಯಿಂದ ಹೇಳುತ್ತಾರೆ, ಅದು ಯುಕ್ತವೇ ಸರಿ. ಆದರೆ 1960ರಲ್ಲಿ ಮುಖ್ಯಮಂತ್ರಿಯ ಪೀಠದಲ್ಲಿದ್ದವರು ಬಿ.ಡಿ. ಜತ್ತಿಯವರು. ಒಂದು ಸರ್ಕಾರ ಕೈಕೊಂಡ ಕಾರ್ಯವನ್ನು ಮುಂದಿನ ಸರ್ಕಾರ ತನ್ನದೆಂದೇ ಭಾವಿಸಿ ಮುನ್ನಡೆಸುವ ಪರಿಪಾಠ ಅಂದು ಇತ್ತಾದುದರಿಂದ ಪುಣ್ಯ ಯಾರ ಲೆಕ್ಕಕ್ಕೆ ಸೇರಬೇಕೆಂಬ ಜಿಜ್ಞಾಸೆ ಏಳಲಿಲ್ಲ. ಇಂದು ಒಂದು ಬಸ್ ತಂಗುದಾಣಕ್ಕೆ ಎರಡು ಪಕ್ಷಗಳವರು ಎರಡು ಬಾರಿ ನಾಮಫಲಕ ಹಾಕಿಸುವುದನ್ನು ಕಂಡವರಿಗೆ ಇದು ಪುರಾಣದಂತೆ ತೋರಬಹುದು.

ಕೊಟ್ಟ ನೆಲ ಕಾಡು. ಹಿಮದ ನಾಡಿನವರಿಗೆ ಇಲ್ಲಿನ ಸೆಕೆ ಶತ್ರುವಾಯಿತು. ಬಯಲಿನ ರೋಗಗಳು ಬೆಟ್ಟದ ದೇಹಗಳನ್ನು ಕಾಡಿದುವು. ಮರಗಳನ್ನು ಕಡಿದು, ಪೊದೆಗಳನ್ನು ಸುಟ್ಟು, ಬಿತ್ತಿದುದನ್ನು ಆನೆ ಹಂದಿಗಳಿಂದ ಕಾಯುವ ಕೆಲಸದಲ್ಲಿ ಅವರ ಮೊದಲ ವರ್ಷಗಳು ಕಳೆದುವು. ಡೇರೆ ಮತ್ತು ಬಿದಿರಿನ ತಡಿಕೆಯ ಗುಡಿಸಲುಗಳಲ್ಲಿ ಪ್ರಾರಂಭವಾದ ಲುಗ್ಸುಂಗ್ ಸಮ್ಡುಪ್ಲಿಂಗ್ ಎಂಬ ಆ ಮೊದಲ ನೆಲೆ ಇಂದು ನೋಡುವವರ ಕಣ್ಣಿಗೆ ಒಂದು ಸುವ್ಯವಸ್ಥಿತ ಗ್ರಾಮಸಮುದಾಯ. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ನಾಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಪ್ರವಾಸಿಗರು ಗೋಲ್ಡನ್ ಟೆಂಪಲ್ ಎಂದು ಕರೆಯುತ್ತ ಬಸ್ಸು ಬಸ್ಸಾಗಿ ಬಂದು ನೋಡುವುದು ಈ ಮಠದ ದೇಗುಲವನ್ನೇ. ಬಂಗಾಳದ ಬಕ್ಸಾ ಶಿಬಿರದಲ್ಲಿ ನರಳುತ್ತಿದ್ದ ಸೇರಾ ಮಠದ ಭಿಕ್ಷುಗಳು ಇಲ್ಲಿಗೆ ಬಂದು ತಮ್ಮ ವಿದ್ಯಾಪೀಠವನ್ನು ಪುನಃ ಕಟ್ಟಿದರು. 1969ರಲ್ಲಿ ಡಿಕ್ಯಿ ಲಾರ್ಸೋ ಎಂಬ ಎರಡನೆಯ ನೆಲೆ ಬೈಲಕುಪ್ಪೆಯ ಬಳಿಯೇ ಎದ್ದಿತು. 1972ರಲ್ಲಿ, ಹುಣಸೂರಿನವರೇ ಆದ ದೇವರಾಜ ಅರಸರು ಮುಖ್ಯಮಂತ್ರಿಗಳಾದ ವರ್ಷ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್‌ಗ್ಯೆಲಿಂಗ್ ಎಂಬ ಇನ್ನೊಂದು ನೆಲೆ ಪ್ರಾರಂಭವಾಯಿತು. ಗ್ಯುದ್‌ಮೇ ತಾಂತ್ರಿಕ ಮಠವಿರುವುದೂ ಅಲ್ಲಿಯೇ.

ಇದೆಲ್ಲವನ್ನೂ ಹೇಳಿ ಮುಗಿಸಿದ ಕೂಡಲೇ ನಮ್ಮ ಭಾಷಣಕಾರರು ಕನ್ನಡಿಗರ ಔದಾರ್ಯವನ್ನು ಕುರಿತು ನಾಲ್ಕು ಮಾತುಗಳನ್ನಾಡಿ ಚಪ್ಪಾಳೆಯನ್ನು ಸಂಪಾದಿಸುವುದು ವಾಡಿಕೆ. ಔದಾರ್ಯ ಇದ್ದುದು ಸತ್ಯ. 2018ರ ಆಗಸ್ಟ್ ತಿಂಗಳಲ್ಲಿ ದಲೈಲಾಮಾ ಅವರು ಸ್ವತಃ ಬೆಂಗಳೂರಿಗೆ ಬಂದು, ಟಿಬೆಟನ್ನರು ಏರ್ಪಡಿಸಿದ ಸಮಾರಂಭದಲ್ಲಿ ಕರ್ನಾಟಕಕ್ಕೆ ಕೃತಜ್ಞತೆಯನ್ನರ್ಪಿಸಿದರು. ಆದರೆ ಔದಾರ್ಯವೊಂದರಿಂದಲೇ ಒಂದು ಜನಾಂಗ ಬದುಕಿಕೊಳ್ಳುವುದಾಗಿದ್ದರೆ, ಅದೇ ಔದಾರ್ಯವುಳ್ಳ ಇದೇ ಸೀಮೆಯಲ್ಲಿ ಬೇರೆ ಕೆಲವರು ಏಕೆ ಬದುಕಿಕೊಳ್ಳಲಿಲ್ಲವೆಂಬ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಬೈಲಕುಪ್ಪೆ ಫಲಿಸಿದುದಕ್ಕೆ ಕಾರಣಗಳು ಬೇರೆಯವು, ಮತ್ತು ಅವು ಲೌಕಿಕವಾದವು. ನೆಲವನ್ನು ಚೂರು ಚೂರಾಗಿ ಅಲ್ಲಿಷ್ಟು ಇಲ್ಲಿಷ್ಟು ಕೊಡದೆ ಒಂದೇ ಹರಹಿನಲ್ಲಿ ಕೊಟ್ಟದ್ದರಿಂದ ನೆರೆಹೊರೆಯ ಬಂಧ ಒಡೆಯಲಿಲ್ಲ. ಬೀಜ, ಟ್ರ್ಯಾಕ್ಟರು, ಮಾರಾಟಗಳನ್ನು ಅವರದೇ ಸಹಕಾರ ಸಂಘ ನೋಡಿಕೊಂಡಿತು. ಮುಸುಕಿನ ಜೋಳ ಅವರ ಕೈಯಲ್ಲಿ ಹಣವಾಯಿತು, ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರು ಮಾರುವ ವ್ಯಾಪಾರ ಅದಕ್ಕೆ ಜೊತೆಯಾಯಿತು. ಶಾಲೆಗಾಗಿ 1961ರಲ್ಲಿಯೇ ಕೇಂದ್ರ ಸರ್ಕಾರ ಪ್ರತ್ಯೇಕವಾದೊಂದು ಆಡಳಿತವನ್ನು ರಚಿಸಿತ್ತು. ಎಲ್ಲಕ್ಕೂ ಮಿಗಿಲಾಗಿ, ಕ್ಯಾಂಪಿನ ಪರವಾಗಿ ತಹಸೀಲ್ದಾರರ ಕಚೇರಿಯಲ್ಲಿ ನಿಂತು ಮಾತನಾಡತಕ್ಕ ಅಧಿಕೃತ ಪ್ರತಿನಿಧಿಯೊಬ್ಬ ಅವರಿಗೆ ಇದ್ದ. ಅವನ ಮಾತಿಗೆ ಹಿಂದೆ ಜನವಿದ್ದರು, ಮುಂದೆ ಕೇಳುವ ಅಧಿಕಾರಿಯಿದ್ದ.

ಈ ಕಥೆಗೆ ಅಷ್ಟಾಗಿ ಪ್ರಸಿದ್ಧವಲ್ಲದ ಒಂದು ಉಪಕಥೆಯುಂಟು. ನನಗೆ ಮೂಲಕಥೆಗಿಂತಲೂ ಅದೇ ಹೆಚ್ಚು ಪ್ರಿಯ. ಟಿಬೆಟನ್ನರ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ‘ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ’ ಎಂಬುದು ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಜನ ಅದನ್ನು ಮೈರಾಡ ಎಂದು ಕರೆದರು. ನಿರಾಶ್ರಿತರು ತಮ್ಮ ಕಾಲಮೇಲೆ ತಾವು ನಿಂತ ಬಳಿಕ ಈ ಸಂಸ್ಥೆ ಬಾಗಿಲು ಹಾಕಿಕೊಳ್ಳಲಿಲ್ಲ. ಹೆಗ್ಗಡದೇವನಕೋಟೆಯೇ ಮೊದಲಾದ ತಾಲ್ಲೂಕುಗಳ ಬಡವರ ಕಡೆಗೆ ತಿರುಗಿತು. 1980ರ ದಶಕದ ಮಧ್ಯದಲ್ಲಿ, ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆಯುಳ್ಳವರು ಸಣ್ಣ ಸಣ್ಣ ಗುಂಪುಗಳಾಗಿ ಉಳಿತಾಯ ಮಾಡತೊಡಗಿದುದನ್ನು ಅದರ ಕಾರ್ಯಕರ್ತರು ಗಮನಿಸಿ ಪೋಷಿಸಿದರು. 1987ರಲ್ಲಿ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿಗಳ ನೆರವನ್ನಿತ್ತಿತು. 1992ರಿಂದ ಅಂಥ ಗುಂಪುಗಳಿಗೆ ಬ್ಯಾಂಕುಗಳು ನೇರವಾಗಿ ಸಾಲ ಕೊಡುವ ಪದ್ಧತಿ ದೇಶದಲ್ಲಿ ಪ್ರಾರಂಭವಾಯಿತು. ಇಂದು ನಮ್ಮ ಹಳ್ಳಿಗಳಲ್ಲಿ ವಾರಕ್ಕೊಮ್ಮೆ ಕುಳಿತು ಪುಸ್ತಕದಲ್ಲಿ ಲೆಕ್ಕ ಬರೆದುಕೊಳ್ಳುವ ಹೆಂಗಸರ ಸ್ವಸಹಾಯ ಸಂಘಗಳ ವಂಶವೃಕ್ಷವನ್ನು ಶೋಧಿಸುತ್ತ ಹೋದರೆ, ಅದರ ಬೇರುಗಳಲ್ಲೊಂದು ಟಿಬೆಟಿನ ನಿರಾಶ್ರಿತರ ಡೇರೆಗಳ ವರೆಗೆ ಹಬ್ಬಿರುವುದು ಕಾಣಬರುತ್ತದೆ. ಪರದೇಶಿಗಳಿಗೆ ಮಾಡಿದ ಖರ್ಚು ನಮ್ಮವರಿಗೆ ನಷ್ಟವೆಂದು ವಾದಿಸುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಆ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಏತಕ್ಕೆಂದರೆ ಅದರ ಹಿಂದೆ ನಿಜವಾದ ನೋವೊಂದಿದೆ. ಬೈಲಕುಪ್ಪೆಯ ಸ್ವರ್ಣಶಿಖರವನ್ನು ನೋಡಿ ಹಿಂದಿರುಗುವ ಪ್ರವಾಸಿ ಹುಣಸೂರಿನ ಕಡೆಯಿಂದ ನಾಗರಹೊಳೆಯ ಅಂಚಿಗೆ ಬಂದರೆ, ಕಾಡಿನಿಂದ ಹೊರಕ್ಕೆ ಬಂದ ಜೇನುಕುರುಬರ ಹಾಡಿಗಳನ್ನೂ ಪುನರ್ವಸತಿ ಕೇಂದ್ರಗಳನ್ನೂ ಕಾಣುತ್ತಾನೆ. 1974ರಲ್ಲಿ ಬೀಚನಹಳ್ಳಿಯಲ್ಲಿ ಕಪಿಲೆಗೆ ಅಣೆಕಟ್ಟು ಮುಗಿದಾಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಗಳು ಮುಳುಗಿದುವು. ವನ್ಯಜೀವಿ ಸಂರಕ್ಷಣೆಯ 1972ರ ಕಾಯಿದೆ ಬಂದ ಮೇಲೆ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗಿನಿಂದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ದಶಕಗಳುದ್ದಕ್ಕೂ ಹೊರಬಂದುವು, ಅಥವಾ ಹೊರಹಾಕಲ್ಪಟ್ಟುವು. ಉಚ್ಚ ನ್ಯಾಯಾಲಯದ ಆದೇಶದಂತೆ ಪ್ರೊ. ಮುಜಾಫರ್ ಅಸ್ಸಾದಿಯವರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿ 2014ರಲ್ಲಿ ವರದಿಯನ್ನೊಪ್ಪಿಸಿ, ಹೀಗೆ ಸ್ಥಾನಭ್ರಷ್ಟವಾದ ಕುಟುಂಬಗಳು 3,418 ಎಂದು ಗುರುತಿಸಿತು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ, ಶತಮಾನದ ತಿರುವಿನಲ್ಲಿ, ಕಾಡಿನಿಂದ ಬಂದ ಕುಟುಂಬಗಳಿಗೆ ತಲಾ ಐದೆಕರೆ ಭೂಮಿಯನ್ನೂ ಮನೆಯನ್ನೂ ಕೊಟ್ಟದ್ದುಂಟು.

ನೆಲ ಅಲ್ಲಿಯೂ ದೊರೆಯಿತು, ಇಲ್ಲಿಯೂ ದೊರೆಯಿತು, ಹಾಗಾದರೆ ಅಂತರವೆಲ್ಲಿ? ಬೇಸಾಯದ ಅಭ್ಯಾಸವಿಲ್ಲದವರು ಇಬ್ಬರೂ ಹೌದು: ಟಿಬೆಟನ್ನರಲ್ಲಿ ಅನೇಕರು ಪಶುಪಾಲಕರು, ವರ್ತಕರು, ಭಿಕ್ಷುಗಳು, ಜೇನುಕುರುಬರು ಜೇನು, ಗೆಡ್ಡೆಗೆಣಸು, ಆನೆ ಪಳಗಿಸುವ ವಿದ್ಯೆಗಳಲ್ಲಿ ನುರಿತವರು. ಒಬ್ಬರಿಗೆ ಭೂಮಿಯೊಡನೆ ಸಹಕಾರ ಸಂಘ, ಶಾಲೆ, ಆಸ್ಪತ್ರೆ, ದೇವಾಲಯ, ಮತ್ತು ವರ್ಷಗಟ್ಟಲೆ ಬೆನ್ನ ಹಿಂದೆ ನಿಂತ ಸಂಸ್ಥೆಗಳು ದೊರೆತುವು. ಇನ್ನೊಬ್ಬರಿಗೆ ಭೂಮಿಯೊಡನೆ ಒಂದು ಅರ್ಜಿ ನಮೂನೆ ದೊರೆಯಿತು. ಟಿಬೆಟನ್ನರು ತಮ್ಮ ದೇವರುಗಳನ್ನು ತಮ್ಮೊಡನೆ ತಂದು ಪ್ರತಿಷ್ಠಾಪಿಸಿಕೊಂಡರು. ಜೇನುಕುರುಬರ ದೇವರುಗಳು ಕಾಡಿನ ಒಳಗೇ ಇದ್ದಾರೆ, ಪೂಜೆಗೆ ಹೋಗಲು ಅರಣ್ಯ ಇಲಾಖೆಯ ತಪಾಸಣಾ ದ್ವಾರವನ್ನು ದಾಟಬೇಕು. ಹಕ್ಕುಪತ್ರ, ಪಹಣಿ, ಕುಡಿಯುವ ನೀರುಗಳನ್ನು ಕುರಿತ ದೂರುಗಳು ಪುನರ್ವಸತಿ ಕೇಂದ್ರಗಳಿಂದ ಪತ್ರಿಕೆಗಳಿಗೆ ಇಂದಿಗೂ ಬರುತ್ತಲೇ ಇವೆ. ಹಾಡಿಯ ಗಂಡಸರೂ ಹೆಂಗಸರೂ ಬೆಳಗಾಗುವ ಮುನ್ನ ಜೀಪು ಹತ್ತಿ ಕೊಡಗಿನ ಕಾಫಿತೋಟಗಳ ಕೂಲಿಗೆ ಹೋಗುವುದನ್ನು ಈ ರಸ್ತೆಗಳಲ್ಲಿ ಸಂಚರಿಸುವ ಯಾರು ಬೇಕಾದರೂ ಕಾಣಬಹುದು. ರಾಮಾನುಜರ ಪರಿವಾರಕ್ಕೆ ಜೇನನ್ನಿತ್ತವರ ಕುಲದವರು ಇವರೇ ಎಂದು ನಾನು ಚರಿತ್ರೆಯನ್ನು ತಿರುಚುವುದಿಲ್ಲ. ಆದರೆ ಆಶ್ರಯ ಕೊಡುವುದರಲ್ಲಿ ಕಾಡಿನವರು ನಾಡಿನವರಿಗಿಂತ ಹಿಂದೆ ಬಿದ್ದವರೇನಲ್ಲ ಎಂಬುದಕ್ಕೆ ಆ ಸಂಪ್ರದಾಯ ಸಾಕ್ಷಿಯಾಗಿದೆ.

ಇದರಿಂದ ಕೆಲವರು ತೆಗೆಯುವ ಸಿದ್ಧಾಂತವೆಂದರೆ, ಹೊರಗಿನವರಿಗೆ ಕೊಟ್ಟದ್ದೇ ತಪ್ಪು ಎಂಬುದು. ಅದು ತೀರ ವಿಪರೀತವಾದ ತರ್ಕ. ಬೈಲಕುಪ್ಪೆಯ ಒಂದು ಎಕರೆಯನ್ನು ಹಿಂದಕ್ಕೆ ಪಡೆದರೂ ನಾಗಾಪುರದ ಒಂದು ಪಹಣಿಯೂ ಸರಿಹೋಗುವುದಿಲ್ಲ. ಬೈಲಕುಪ್ಪೆಯಲ್ಲಿ ಸಾಧ್ಯವಾದುದು ನಾಗಾಪುರದಲ್ಲಿಯೂ ಸಾಧ್ಯವಿತ್ತು, ಅದೇ ಜಿಲ್ಲೆಯ ಅದೇ ಕಂದಾಯ ಇಲಾಖೆಯ ಕೈಯಲ್ಲಿ ಸಾಧ್ಯವಿತ್ತು, ಎಂದು ತಿಳಿದುಕೊಂಡರೆ ಮಾತ್ರ ಮೊದಲನೆಯದು ಎರಡನೆಯದಕ್ಕೆ ಪ್ರಮಾಣವಾದೀತು.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಮಾತನ್ನೂ ಇಲ್ಲಿ ಹೇಳದಿರಲಾಗದು. ಗುಜರಾತಿಗೆ ಹತ್ತಿರವಾದ ವಾಗ್ರಿ ಮಾತನ್ನಾಡುವ, ಒಂದು ಕಾಲದಲ್ಲಿ ಬಲೆ ಹೊತ್ತು ಊರೂರು ಅಲೆಯುತ್ತಿದ್ದ ಹಕ್ಕಿಪಿಕ್ಕಿ ಜನ ಅಲ್ಲಿ ನೆಲೆಸಿ, ಬೇಟೆ ನಿಷಿದ್ಧವಾದ ಮೇಲೆ ಗಿಡಮೂಲಿಕೆ, ಕೇಶತೈಲಗಳ ವ್ಯಾಪಾರಕ್ಕಿಳಿದು, ಆಫ್ರಿಕಾದ ದೇಶಗಳ ವರೆಗೆ ಹೋಗಿ ಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಸಿಡಿದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿಯನ್ನು ಓದಿ ನಾಡಿನ ಅನೇಕರಿಗೆ ಇಂಥ ಜನ ನಮ್ಮಲ್ಲಿ ಇದ್ದಾರೆಂಬುದೇ ಮೊದಲ ಬಾರಿಗೆ ತಿಳಿಯಿತು. ಅವರನ್ನು ಕರೆತಂದ ಭಾರತ ಸರ್ಕಾರದ ಕಾರ್ಯಾಚರಣೆಗೆ ಕಾವೇರಿಯ ಹೆಸರನ್ನೇ ಇಟ್ಟಿದ್ದರು. ಮಿಕ್ಕಂತೆ, ಶುಂಠಿಗಾಗಿ ನೆಲವನ್ನು ಗುತ್ತಿಗೆಗೆ ಹಿಡಿಯುವ ಕೇರಳದ ರೈತರು, ಕಟ್ಟಡದ ಕೆಲಸಕ್ಕೂ ಹೋಟೆಲಿನ ಕೆಲಸಕ್ಕೂ ಬಂದಿರುವ ಉತ್ತರದ, ಈಶಾನ್ಯದ ಯುವಕರು, ಹೀಗೆ ಈ ಸೀಮೆಗೆ ಜನ ಬರುತ್ತಲೇ ಇದ್ದಾರೆ.

ಬಂದವರನ್ನು ಊರಿನವರನ್ನಾಗಿ ಮಾಡುವ ಕಾರ್ಯ ಯಾರದು? ದೆಹಲಿಯದೆಂದು ಬೆಂಗಳೂರೂ, ಬೆಂಗಳೂರಿನದೆಂದು ಮೈಸೂರೂ, ಜಿಲ್ಲಾಧಿಕಾರಿಗಳದೆಂದು ಪುರಸಭೆಯೂ ಹೇಳುತ್ತ ಬಂದಿವೆ. ಪೌರತ್ವ, ವೀಸಾ, ಗಡಿ ಇವು ಕೇಂದ್ರದ ವಿಷಯಗಳೆಂಬುದು ನಿರ್ವಿವಾದ. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಟಿಬೆಟನ್ನರು ನೋಂದಣಿ ಪ್ರಮಾಣಪತ್ರವೊಂದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತ ಇಲ್ಲಿ ವಾಸವಾಗಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನ ವರೆಗೆ ಈ ನೆಲದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯರೆಂದು ದೆಹಲಿಯ ಉಚ್ಚ ನ್ಯಾಯಾಲಯ ತೋರಿಸಿದ ಹಾದಿಯಲ್ಲಿಯೇ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ 2013ರಲ್ಲಿ ತೀರ್ಪಿತ್ತಿತು. 2014ರ ಟಿಬೆಟನ್ ಪುನರ್ವಸತಿ ನೀತಿ, ನೆಲದ ಗುತ್ತಿಗೆಯನ್ನು ರಾಜ್ಯಗಳು ಕ್ರಮಬದ್ಧಗೊಳಿಸಬೇಕೆಂದೂ ಸರ್ಕಾರದ ಕಲ್ಯಾಣ ಯೋಜನೆಗಳನ್ನು ಇವರಿಗೂ ವಿಸ್ತರಿಸಬೇಕೆಂದೂ ಹೇಳಿತು. ಇಷ್ಟಾದರೂ ಕ್ಯಾಂಪಿನ ತರುಣರು ವಿದೇಶಗಳಿಗೆ ಹೊರಟುಹೋಗುತ್ತಿದ್ದಾರೆ. ಮುದುಕರು ಮಣಿ ತಿರುಗಿಸುತ್ತ ಉಳಿಯುತ್ತಾರೆ. ಹೊಲಗಳನ್ನು ಎಷ್ಟೋ ಕಡೆ ನೆರೆಯ ಹಳ್ಳಿಯವರೇ ಉಳುತ್ತಾರೆ. ಅರವತ್ತೈದು ವರ್ಷಗಳ ಅನಂತರವೂ ನೆಲ ತಮ್ಮದೆನ್ನಲಾಗದ ಸ್ಥಿತಿ ತರುಣರನ್ನು ಹಿಡಿದು ನಿಲ್ಲಿಸೀತೆಂದು ನಿರೀಕ್ಷಿಸುವುದು ಹೇಗೆ?

ಆದರೆ ದಿನನಿತ್ಯದ ಬದುಕು ಪಾಸ್‌ಪೋರ್ಟಿನಲ್ಲಿ ನಡೆಯತಕ್ಕದ್ದಲ್ಲ. ಅದು ನಲ್ಲಿಯ ಬಳಿ, ಸಂತೆಯಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ, ಸ್ಮಶಾನದ ಜಾಗದಲ್ಲಿ ನಡೆಯುತ್ತದೆ. ಅಲ್ಲಿ ಅಧಿಕಾರ ಸ್ಥಳೀಯ ಸಂಸ್ಥೆಗಳದು. ಸಿರಿಯಾದ ಗಡಿಗೆ ಹತ್ತಿರವಿರುವ ತುರ್ಕಿಯ ಗಾಜಿಯಾನ್‌ಟೆಪ್ ನಗರಕ್ಕೆ ಯುದ್ಧದಿಂದ ತಪ್ಪಿಸಿಕೊಂಡ ಲಕ್ಷಾಂತರ ಜನ ಬಂದಾಗ, 2014ರಿಂದ ಅಲ್ಲಿನ ಮೇಯರ್ ಆಗಿರುವ ಫಾತ್ಮಾ ಶಾಹಿನ್ ಅವರ ಆಡಳಿತ ನಿರಾಶ್ರಿತರ ಸೌಕರ್ಯವನ್ನೂ ಊರವರ ಸೌಕರ್ಯವನ್ನೂ ಒಂದೇ ಯೋಜನೆಯಲ್ಲಿ ಸೇರಿಸಿತು. ಬಂದವರಿಗೆ ದೊರೆತುದು ಇದ್ದವರಿಗೂ ದೊರೆಯುವಂತೆ ನೋಡಿಕೊಂಡದ್ದರಿಂದ ಮತ್ಸರಕ್ಕೆ ಎಡೆ ಕಡಿಮೆಯಾಯಿತು. 2018ರ ಕೊನೆಯಲ್ಲಿ ಹಲವು ದೇಶಗಳ ಮೇಯರುಗಳು ಸೇರಿ ವಲಸೆಯನ್ನು ಕುರಿತೇ ಒಂದು ಮಂಡಲಿಯನ್ನು ಕಟ್ಟಿಕೊಂಡರು. ನಮ್ಮ ಪುರಸಭಾಧ್ಯಕ್ಷರಿಗೆ ಆ ಮೇಯರುಗಳ ಅಧಿಕಾರವಾಗಲಿ ಆದಾಯವಾಗಲಿ ಇಲ್ಲವೆಂಬುದು ದಿಟ. ಮೀಸಲಾತಿ ಪಟ್ಟಿಯ ವ್ಯಾಜ್ಯ ಮುಗಿಯುವ ಹೊತ್ತಿಗೆ ಅಧ್ಯಕ್ಷರ ಅವಧಿಯೇ ಮುಗಿದಿರುತ್ತದೆ. ಆದಾಗ್ಯೂ ಕೈಯಲ್ಲಿರುವ ಅಧಿಕಾರವನ್ನಾದರೂ ಬಳಸಿದ್ದೇವೆಯೇ?

ಬೀದಿ ವ್ಯಾಪಾರಿಗಳ 2014ರ ಕಾಯಿದೆ ಪ್ರತಿ ಪಟ್ಟಣದಲ್ಲಿಯೂ ವ್ಯಾಪಾರ ಸಮಿತಿಯೊಂದಿರಬೇಕೆಂದು ವಿಧಿಸುತ್ತದೆ. ಹುಣಸೂರಿನ ನಗರಸಭೆ ಸ್ವೆಟರು ಮಾರುವ ಟಿಬೆಟನ್ ಹೆಂಗಸಿಗೂ ಎಣ್ಣೆ ಮಾರುವ ಹಕ್ಕಿಪಿಕ್ಕಿಯವಳಿಗೂ ಅದರಲ್ಲಿ ಮಾತನಾಡಲು ಅವಕಾಶ ಕೊಡುವುದಕ್ಕೆ ಯಾವ ಅಡ್ಡಿಯಿದೆ? ಅರಣ್ಯಹಕ್ಕು ಕಾಯಿದೆ 2006ರಲ್ಲಿಯೇ ಬಂದಿತು. ಹಾಡಿಯ ಗ್ರಾಮಸಭೆಗೆ ಅದು ಕೊಟ್ಟಿರುವ ಸ್ಥಾನವನ್ನು ಪಂಚಾಯಿತಿಯ ಸದಸ್ಯರು ಓದಿ ಹೇಳಬಾರದೆ? ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೆಂಬುದು ಇಲ್ಲವಾಗಿ ಆದಿವಾಸಿಗಳ ಸ್ವಯಮಾಡಳಿತದ ಬೇರೆ ಕಾಯಿದೆ ನಮ್ಮಲ್ಲಿ ಅನ್ವಯಿಸದು. ಆದಕಾರಣ ಇರುವ ಒಂದು ಕಾಯಿದೆಯ ಬೆಲೆ ಇನ್ನೂ ಹೆಚ್ಚು. ಶಾಲೆಯ ಮಾತಿಗೆ ಬಂದರೆ, ಹೆಗ್ಗಡದೇವನಕೋಟೆ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹಾಡಿಯ ಮಕ್ಕಳಿಗಾಗಿ ನಡೆಸಿರುವ ಶಾಲೆ ಕಣ್ಣ ಮುಂದೆಯೇ ಇದೆ. ಟಿಬೆಟನ್ ಮಕ್ಕಳಿಗೆ ಕನ್ನಡವನ್ನು ಓದಲು ಬರೆಯಲು ಕಲಿಸುವ ಸಂಜೆಯ ತರಗತಿಗಳನ್ನೂ, ಕ್ಯಾಂಪಿನಲ್ಲಿ ಆಟೋ ಓಡಿಸುವ, ಅಂಗಡಿಯಿಟ್ಟ ನಮ್ಮ ಹುಡುಗರಿಗೆ ಟಿಬೆಟನ್ ಭಾಷೆಯ ಪರಿಚಯವನ್ನೂ ಒಂದೇ ಕಟ್ಟಡದಲ್ಲಿ ಏರ್ಪಡಿಸಲು ಲಕ್ಷಾಂತರ ರೂಪಾಯಿ ಬೇಕಾಗಿಲ್ಲ. ಬೈಲಕುಪ್ಪೆಗೆ ಬರುವ ಪ್ರವಾಸಿಗರ ಕಸ, ನೀರು, ವಾಹನಗಳ ಹೊರೆಯನ್ನು ಪಂಚಾಯಿತಿಯೂ ಕ್ಯಾಂಪಿನ ಪ್ರತಿನಿಧಿಯೂ ಒಟ್ಟಿಗೆ ಕುಳಿತು ಲೆಕ್ಕ ಹಾಕಿದರೆ, ಅದರಿಂದ ಬರುವ ಆದಾಯದಲ್ಲಿ ನೆರೆಯ ಹಳ್ಳಿಗಳಿಗೆ ಏನು ಸಲ್ಲಬೇಕೆಂಬುದೂ ಅಲ್ಲಿಯೇ ನಿರ್ಧಾರವಾದೀತು.

ಹಾಡಿಗಳ ವಿಚಾರದಲ್ಲಿ ನನ್ನ ಸೂಚನೆ ಇನ್ನೂ ನಿರ್ದಿಷ್ಟವಾದದ್ದು. ಟಿಬೆಟನ್ ಕ್ಯಾಂಪಿಗೆ ಇರುವಂಥ, ಹಾಡಿಯವರೇ ಆರಿಸಿದ, ಸಂಬಳವುಳ್ಳ, ತಾಲ್ಲೂಕು ಕಚೇರಿಯಲ್ಲಿ ಕುರ್ಚಿಯುಳ್ಳ ಒಬ್ಬ ಪ್ರತಿನಿಧಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಪ್ರತಿಯೊಂದು ಪುನರ್ವಸತಿ ಕೇಂದ್ರಕ್ಕೂ ಇರಬೇಕು. ಪಹಣಿಯಲ್ಲಿ ಹೆಸರು ಬಾರದ ಪ್ರತಿಯೊಂದು ಕುಟುಂಬದ ಪಟ್ಟಿಯನ್ನು ಅವನು ತಿಂಗಳಿಗೊಮ್ಮೆ ತಹಸೀಲ್ದಾರರ ಮುಂದಿಡಲಿ, ತಹಸೀಲ್ದಾರರು ಅದಕ್ಕೆ ಲಿಖಿತವಾಗಿ ಉತ್ತರ ಕೊಡಲಿ, ಆ ಉತ್ತರವನ್ನು ಹಾಡಿಯ ಅಂಗನವಾಡಿಯ ಗೋಡೆಗೆ ಅಂಟಿಸಲಿ. ಇದಕ್ಕೆ ಹೊಸ ಶಾಸನ ಬೇಕಾಗಿಲ್ಲ. ಜಿಲ್ಲಾಧಿಕಾರಿಗಳ ಒಂದು ಆದೇಶ ಸಾಕು. ನಾಲ್ಕೂ ತಾಲ್ಲೂಕುಗಳ ಶಾಸಕರು ಯಾವ ಪಕ್ಷದವರೇ ಆಗಿರಲಿ, ಜಿಲ್ಲಾ ಪ್ರಗತಿ ಪರಿಶೀಲನೆಯ ಮುಂದಿನ ಸಭೆಯಲ್ಲಿ ಈ ಆದೇಶವನ್ನು ಕೇಳಬಹುದು. ಕೇಳಿದರೋ ಇಲ್ಲವೋ ಎಂಬುದನ್ನು ಸಭೆಯ ನಡಾವಳಿಯಲ್ಲಿ ನೋಡಿ ತಿಳಿಯುವ ಹಕ್ಕು ಓದುಗರಿಗೂ ಇದೆ.